ಅಲುಗದ ಕೈ, ಹತ್ತಿರದ ಕಾಯಿಲ್

ಕುಳಿತಲ್ಲಿಂದಲೇ ಒಂದು ಕೈಯನ್ನು ಮುಂದೆ ಚಾಚಿ. ಹೆಬ್ಬೆರಳನ್ನು ಬಿಗಿಯಾಗಿ ಹಿಂದಕ್ಕೆ ಎಳೆದು ಹಿಡಿಯಿರಿ. ಹೆಬ್ಬೆರಳ ಬುಡದಲ್ಲಿ, ಮಣಿಕಟ್ಟಿಗೆ ತಾಗಿದಂತೆ, ಎರಡು ಹುರಿಗಳು ಚರ್ಮದಡಿ ಎದ್ದು ನಿಲ್ಲುತ್ತವೆ. ಅವು ಸ್ನಾಯುರಜ್ಜುಗಳು. ಅವೆರಡರ ನಡುವೆ ಒಂದು ಚಿಕ್ಕ ಹಳ್ಳವಿದೆ. ಒಂದು ಚಿಟಿಕೆ ನಶ್ಯ ಹಿಡಿಸುವಷ್ಟು ಹಳ್ಳ. ಅದರ ತಳವನ್ನು ಇನ್ನೊಂದು ಕೈಯ ತೋರುಬೆರಳಿನಿಂದ ಮೆಲ್ಲಗೆ ಒತ್ತಿ. ಗಟ್ಟಿಯಾಗಿ ಏನೋ ತಗಲುತ್ತದಲ್ಲ, ಅದು ಸ್ಕ್ಯಾಫಾಯ್ಡ್ ಎಂಬ ಮೂಳೆ. ಆಕಾರದಲ್ಲಿ ದೊಡ್ಡದೊಂದು ಗೋಡಂಬಿಯ ಹಾಗೆ. ಮಣಿಕಟ್ಟಿನಲ್ಲಿರುವ 8 ಪುಟ್ಟ ಮೂಳೆಗಳಲ್ಲಿ ಇದೂ ಒಂದು. ಇಡೀ ಕೈಯಲ್ಲಿ, ಬೆರಳ ತುದಿಯಿಂದ ಮಣಿಕಟ್ಟಿನವರೆಗೆ, ಇರುವುದು 27 ಮೂಳೆ.

ಬೈಕಿನಿಂದ ಬಿದ್ದವರು, ಬಚ್ಚಲಲ್ಲಿ ಜಾರಿದವರು, ಆಟದ ಮೈದಾನದಲ್ಲಿ ಮುಗ್ಗರಿಸಿದವರು ಯಾರೇ ಇರಲಿ, ಬೀಳುವಾಗ ತಡೆಯಲು ಅಂಗೈ ಊರುತ್ತಾರೆ. ಆಗ ಮಣಿಕಟ್ಟಿನ ಪುಟ್ಟ ಮೂಳೆಗಳಲ್ಲಿ ಪೆಟ್ಟು ತಿನ್ನುವುದು ಹೆಚ್ಚಾಗಿ ಇದೇ. ಇಲ್ಲಿ ಒಂದು ತೊಡಕಿದೆ. ಈ ಮೂಳೆಗೆ ರಕ್ತ ಬರುವುದು ಬಹುಪಾಲು ಬೆರಳಿನ ಕಡೆಯ ತುದಿಯಿಂದ. ಅಲ್ಲಿಂದ ಹಿಂದಕ್ಕೆ ಹರಿದು ಮುಂದೋಳಿನ ಕಡೆಯ ತುದಿಗೆ ತಲುಪಬೇಕು. ನಡುವೆ ಮುರಿದರೆ ಹಿಂದಿನ ತುಂಡಿಗೆ ರಕ್ತ ನಿಂತುಹೋಗಬಹುದು. ಚಿಕಿತ್ಸೆ ತಡವಾದರೆ ಆ ತುಂಡು ಸಾಯಬಹುದು. ಆಮೇಲೆ ಮಣಿಕಟ್ಟು ಸವೆಯುತ್ತದೆ. ಕೊಡ ಎತ್ತಲು, ಬೀಗ ತಿರುವಲು, ನೆಲಕ್ಕೆ ಕೈಯೂರಿ ಏಳಲು ಆಗದ ಸ್ಥಿತಿ ಬರುತ್ತದೆ.

ಇಂಥ ಬಿರುಕು ಮೊದಲ ದಿನದ ಎಕ್ಸ್-ರೇಯಲ್ಲಿ ಕಾಣದೆ ಹೋಗುವುದುಂಟು. ಫಿಲ್ಮು ಶುದ್ಧವಾಗಿರುತ್ತದೆ, ನೋವು ಮಾತ್ರ ಇರುತ್ತದೆ. ಹತ್ತು ಹದಿನಾಲ್ಕು ದಿನ ಪಟ್ಟಿ ಹಾಕಿ ಮತ್ತೆ ಎಕ್ಸ್-ರೇ ತೆಗೆಯುವುದು ಹಳೆಯ ಕ್ರಮ. ಎಂಆರ್‌ಐ ಆದರೆ ಅಷ್ಟು ಕಾಯಬೇಕಿಲ್ಲ. ಮೂಳೆಯೊಳಗಿನ ಮಜ್ಜೆ ಊದಿಕೊಂಡಿದ್ದರೆ ಅದು ಬೇಗನೆ ತೋರಿಸುತ್ತದೆ. ಆದರೆ ಒಂದು ಷರತ್ತು. ಚಿತ್ರ ಚೆನ್ನಾಗಿ ಬಂದಿರಬೇಕು.

ನಾನು ಇಂಥ ಚಿತ್ರಗಳನ್ನು ಓದಿ ವರದಿ ಬರೆಯುವ ಕೆಲಸದಲ್ಲಿರುವವನು. ಇಂದು ನಿಮ್ಮೊಡನೆ ಮಾತನಾಡಲು ಬಂದಿರುವುದು ಒಂದೇ ವಿಷಯಕ್ಕೆ. ಕೈಯ ಎಂಆರ್‌ಐ ಚಿತ್ರ ಸ್ಪಷ್ಟವಾಗಿ ಬರಬೇಕಾದರೆ ಏನೇನು ಕೂಡಿಬರಬೇಕು? ದೊಡ್ಡ ಯಂತ್ರ ತಂದರೆ ಸಾಕು ಎಂಬ ನಂಬಿಕೆ ಆಸ್ಪತ್ರೆಗಳಲ್ಲೂ ಇದೆ, ರೋಗಿಗಳಲ್ಲೂ ಇದೆ. ನನ್ನ ಅಭಿಪ್ರಾಯ ಬೇರೆ. ಕೈಯ ಚಿತ್ರದ ಹಣೆಬರಹ ಬಹುಮಟ್ಟಿಗೆ ಯಂತ್ರ ಸದ್ದು ಮಾಡಲು ಶುರುಮಾಡುವ ಮೊದಲೇ ತೀರ್ಮಾನವಾಗಿರುತ್ತದೆ.

ಎಂಆರ್‌ಐಗೂ ಕೈಗೂ ಹಳೆಯ ನಂಟು. 1895ರ ಡಿಸೆಂಬರಿನಲ್ಲಿ ಜರ್ಮನಿಯ ವ್ಯೂರ್ಟ್ಸ್‌ಬರ್ಗಿನಲ್ಲಿ ರಾಂಟ್ಜೆನ್ ತನ್ನ ಹೆಂಡತಿಯ ಕೈಯ ಎಕ್ಸ್-ರೇ ತೆಗೆದದ್ದು ಬಹಳ ಜನಕ್ಕೆ ಗೊತ್ತು. ಬೆರಳಲ್ಲಿ ಉಂಗುರ ಇದ್ದ ಆ ಚಿತ್ರ ಶಾಲೆಯ ಪುಸ್ತಕಗಳಲ್ಲೂ ಬಂದಿದೆ. ಎಂಆರ್‌ಐ ಮೊದಲು ನೋಡಿದ್ದೂ ಕೈಯನ್ನೇ ಎಂಬುದು ಅಷ್ಟಾಗಿ ಗೊತ್ತಿಲ್ಲ. 1977ರಲ್ಲಿ ಇಂಗ್ಲೆಂಡಿನ ನಾಟಿಂಗ್‌ಹ್ಯಾಮ್ ವಿಶ್ವವಿದ್ಯಾಲಯದಲ್ಲಿ ಪೀಟರ್ ಮ್ಯಾನ್ಸ್‌ಫೀಲ್ಡ್ ಮತ್ತು ಆಂಡ್ರ್ಯೂ ಮಾಡ್ಸ್ಲಿ ಜೀವಂತ ಬೆರಳಿನ ಅಡ್ಡಕೊಯ್ತದ ಚಿತ್ರ ಪ್ರಕಟಿಸಿದರು. ಅದೇ ವರ್ಷ ಅದೇ ವಿಶ್ವವಿದ್ಯಾಲಯದ ಇನ್ನೊಂದು ತಂಡ, ಹಿನ್‌ಶಾ, ಬಾಟಮ್ಲಿ, ಹಾಲೆಂಡ್ ಎಂಬ ಮೂವರು, ಮಣಿಕಟ್ಟಿನ ಚಿತ್ರವನ್ನು 'ನೇಚರ್' ಪತ್ರಿಕೆಯಲ್ಲಿ ಹೊರತಂದರು. ಆಗಿನ ಕಾಂತಗಳ ನಡುವಿನ ಜಾಗ ಕಿರಿದು. ಬೆರಳು, ಮಣಿಕಟ್ಟು ಅದರೊಳಗೆ ಹಿಡಿಸುತ್ತಿತ್ತು. ಮುಂದೆ ಯಂತ್ರದ ಬಾಯಿ ದೊಡ್ಡದಾಯಿತು. ಇಡೀ ಮೈ ಒಳಗೆ ಹೋಗುವಂತಾಯಿತು. ಮೆದುಳು, ಬೆನ್ನು, ಮಂಡಿ ಮುಂದಿನ ಸಾಲಿಗೆ ಬಂದವು. ಕೈ ಹಿಂದೆ ಬಿತ್ತು. ಇಂದಿಗೂ ಎಷ್ಟೋ ಕಡೆ ಬೆನ್ನಿನ ಚಿತ್ರ ಬಹಳ ಚೆನ್ನಾಗಿ ತೆಗೆಯುವ ಕೇಂದ್ರದಲ್ಲೇ ಕೈಯ ಚಿತ್ರ ಮಸುಕಾಗಿರುತ್ತದೆ.

ಯಾಕೆ ಹೀಗೆ? ಅದಕ್ಕೆ ಈ ಯಂತ್ರ ಕೆಲಸ ಮಾಡುವ ಬಗೆಯನ್ನು ಒಂದೆರಡು ಮಾತಿನಲ್ಲಿ ಹೇಳಬೇಕು. ನೀವು ಈಗ ರೇಡಿಯೊ ಕೇಳುತ್ತಿದ್ದೀರಲ್ಲ, ಹಾಗಾಗಿ ಹೇಳುವುದು ಸುಲಭ. ಎಂಆರ್‌ಐ ಯಂತ್ರವೂ ಒಂದು ರೇಡಿಯೊ.

ನಮ್ಮ ಮೈಯಲ್ಲಿ ನೀರಿದೆ, ಕೊಬ್ಬಿದೆ. ಎರಡರಲ್ಲೂ ಜಲಜನಕವಿದೆ. ಜಲಜನಕದ ಪ್ರತಿ ಪರಮಾಣುವಿನ ನಡುವೆ ಇರುವ ಪ್ರೋಟಾನ್ ಅತಿ ಸಣ್ಣದೊಂದು ಕಾಂತ. ಬಲವಾದ ಕಾಂತಕ್ಷೇತ್ರದೊಳಗೆ ಮೈಯನ್ನಿಟ್ಟರೆ ಈ ಪ್ರೋಟಾನುಗಳು ಒಂದು ನಿಗದಿತ ವೇಗದಲ್ಲಿ ತೂಗಾಡುತ್ತ ತಿರುಗುತ್ತವೆ. ಅದೇ ಕಂಪನಾಂಕದ ರೇಡಿಯೊ ತರಂಗ ಕಳಿಸಿದರೆ ಅದನ್ನು ಹೀರಿಕೊಳ್ಳುತ್ತವೆ. ತರಂಗ ನಿಲ್ಲಿಸಿದ ಮೇಲೆ ತಾವೇ ಕ್ಷೀಣವಾದ ರೇಡಿಯೊ ಸಂಕೇತ ಹೊರಡಿಸುತ್ತವೆ. ಆ ಸಂಕೇತವನ್ನು ಹಿಡಿದು ಕಂಪ್ಯೂಟರ್ ಚಿತ್ರ ಕಟ್ಟುತ್ತದೆ. ಕಾಂತಕ್ಷೇತ್ರದ ಬಲವನ್ನು ಟೆಸ್ಲಾದಲ್ಲಿ ಅಳೆಯುತ್ತಾರೆ. ನಮ್ಮ ಆಸ್ಪತ್ರೆಗಳಲ್ಲಿ ಸಾಮಾನ್ಯವಾಗಿರುವ 1.5 ಟೆಸ್ಲಾ ಯಂತ್ರದಲ್ಲಿ ಈ ಸಂಕೇತ ಸುಮಾರು 64 ಮೆಗಾಹರ್ಟ್ಸ್‌ನಲ್ಲಿ ಬರುತ್ತದೆ. 3 ಟೆಸ್ಲಾ ಯಂತ್ರದಲ್ಲಿ ಸುಮಾರು 128ರಲ್ಲಿ. ಬೆಂಗಳೂರಿನ ಎಫ್‌ಎಂ ರೈನ್‌ಬೋ ನಿಮಗೆ ಸಿಗುವುದು 101.3ರಲ್ಲಿ. ಅಂದರೆ ನಮ್ಮ ಕೈಯ ಪ್ರೋಟಾನುಗಳು ಮಾತನಾಡುವುದು ಎಫ್‌ಎಂ ಪಟ್ಟಿಯ ಅಕ್ಕಪಕ್ಕದಲ್ಲೇ. ಎಂಆರ್‌ಐ ಕೋಣೆಯ ಗೋಡೆಗಳಿಗೆಲ್ಲ ತಾಮ್ರದ ತಗಡು ಹೊದಿಸುವುದು ಇದೇ ಕಾರಣಕ್ಕೆ. ಹೊರಗಿನ ರೇಡಿಯೊ ತರಂಗ ಒಳಗೆ ನುಗ್ಗಬಾರದು. ಕೋಣೆಯ ಬಾಗಿಲು ಸರಿಯಾಗಿ ಮುಚ್ಚದಿದ್ದರೆ ಚಿತ್ರದ ಮೇಲೆ ಗೆರೆ ಎಳೆದಂತೆ ಕಲೆ ಬೀಳುವುದೂ ಇದೇ ಕಾರಣಕ್ಕೆ.

ಈ ವಿದ್ಯೆಯಲ್ಲಿ ಬೆಂಗಳೂರಿಗೂ ಒಂದು ಪಾಲಿದೆ ಎಂದು ಇಲ್ಲೇ ಹೇಳಿಬಿಡುತ್ತೇನೆ. 1951ರಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯ ಜಿ. ಸೂರ್ಯನ್ ಅವರು ಹರಿಯುವ ದ್ರವದಿಂದ ಬರುವ ಇಂಥದೇ, ಅಂದರೆ ಕಾಂತೀಯ ಅನುರಣನೆಯ, ಸಂಕೇತ ಹೇಗೆ ಬದಲಾಗುತ್ತದೆ ಎಂದು ಪ್ರಯೋಗ ಮಾಡಿ ಬರೆದರು. ರಕ್ತದ ಹರಿವನ್ನು ಎಂಆರ್‌ಐನಲ್ಲಿ ನೋಡುವ ಕಾಲ ಬರುವುದಕ್ಕೆ ದಶಕಗಳ ಮುಂಚಿನ ಮಾತು ಅದು. ಈ ಹೆಸರು ನಮ್ಮ ಮಕ್ಕಳಿಗೆ ಗೊತ್ತಿರಬೇಕು.

ಇನ್ನು ಸಂಕೇತ ಎಷ್ಟು ಕ್ಷೀಣ ಎಂದರೆ, 1.5 ಟೆಸ್ಲಾದಲ್ಲೂ 10 ಲಕ್ಷ ಪ್ರೋಟಾನುಗಳಲ್ಲಿ ಸುಮಾರು 5ರಷ್ಟು ಮಾತ್ರ ನಮಗೆ ಲೆಕ್ಕಕ್ಕೆ ಬರುತ್ತವೆ. ಉಳಿದವು ಒಂದರ ಬಲವನ್ನು ಇನ್ನೊಂದು ಅಳಿಸಿಹಾಕುತ್ತವೆ. ಆ ಐದರ ದನಿಯನ್ನು ಕೇಳಿಸಿಕೊಂಡು ನಾವು ಚಿತ್ರ ಮಾಡಬೇಕು. ಜೊತೆಗೆ ಗೊರಗೊರ ಸದ್ದೂ ಇರುತ್ತದೆ. ಆ ಸದ್ದು ಹೆಚ್ಚಾಗಿ ರೋಗಿಯ ಮೈಯಿಂದಲೇ ಬರುತ್ತದೆ. ಮೈ ಬೆಚ್ಚಗಿದೆ, ಅದರಲ್ಲಿ ಉಪ್ಪು ನೀರಿದೆ, ಅದು ಸದಾ ರೇಡಿಯೊ ಗದ್ದಲ ಹೊರಡಿಸುತ್ತಿರುತ್ತದೆ. ದನಿ ಹೆಚ್ಚಿರಬೇಕು, ಗದ್ದಲ ಕಡಿಮೆ ಇರಬೇಕು. ಚಿತ್ರದ ಗುಣಮಟ್ಟ ಎನ್ನುವುದು ಮೂಲದಲ್ಲಿ ಇಷ್ಟೇ.

ಇಲ್ಲಿಯವರೆಗೆ ಹೇಳಿದ್ದು ಎರಡು ಮಾತು. ಕೈಯೊಳಗಿನ ಸಣ್ಣ ಗಾಯ ಹಿಡಿಯಲು ಸ್ಪಷ್ಟ ಚಿತ್ರ ಬೇಕು. ಸ್ಪಷ್ಟತೆ ಎಂದರೆ ಗದ್ದಲದ ನಡುವೆ ದನಿ ಕೇಳುವುದು. ಈಗ ಕೈಗೇ ವಿಶೇಷವಾದ ಕಷ್ಟಕ್ಕೆ ಬರೋಣ.

ಎಂಆರ್‌ಐ ಚಿತ್ರ ಸಣ್ಣ ಸಣ್ಣ ಚೌಕಗಳಿಂದ ಆಗಿರುತ್ತದೆ. ಪ್ರತಿ ಚೌಕಕ್ಕೂ ಒಂದು ದಪ್ಪವಿದೆ. ಹೊಟ್ಟೆಯ ಸ್ಕ್ಯಾನಿನಲ್ಲಿ ಆ ತುಣುಕು ಸುಮಾರು ಒಂದೂಕಾಲು ಮಿಲಿಮೀಟರ್ ಉದ್ದಗಲ, 5 ಮಿಲಿಮೀಟರ್ ದಪ್ಪ ಇದ್ದರೆ ನಡೆಯುತ್ತದೆ. ಕೈಗೆ ಅದು ಸಾಲದು. ಮಣಿಕಟ್ಟಿನಲ್ಲಿ ಕಿರುಬೆರಳಿನ ಕಡೆ ತ್ರಿಕೋನಾಕಾರದ ಒಂದು ಮೆತ್ತೆ ಇದೆ. ಅದು ಮೃದ್ವಸ್ಥಿಯದು. ವೈದ್ಯರು ಟಿಎಫ್‌ಸಿಸಿ ಎನ್ನುತ್ತಾರೆ. ಅದರ ನಡುಭಾಗದ ದಪ್ಪ ಒಂದೆರಡು ಮಿಲಿಮೀಟರ್. ಅದರಲ್ಲೂ ಒಂದು ತೂತು, ಒಂದು ಹರಕು ಹುಡುಕಬೇಕು. ಹಾಗಾಗಿ ಕೈಗೆ ತುಣುಕಿನ ಅಗಲ ಮಿಲಿಮೀಟರಿನ ಮೂರರಲ್ಲಿ ಒಂದು ಪಾಲಿಗೆ ಇಳಿಯಬೇಕು. ದಪ್ಪ 2 ಮಿಲಿಮೀಟರಿಗೆ ಅಥವಾ ಇನ್ನೂ ಕಡಿಮೆಗೆ ಇಳಿಯಬೇಕು. ಲೆಕ್ಕ ಹಾಕಿದರೆ ಕೈಯ ತುಣುಕು ಹೊಟ್ಟೆಯ ತುಣುಕಿಗಿಂತ ಸುಮಾರು 35ರಿಂದ 40 ಪಟ್ಟು ಚಿಕ್ಕದು. ತುಣುಕು ಚಿಕ್ಕದಾದಷ್ಟೂ ಅದರಲ್ಲಿರುವ ಪ್ರೋಟಾನುಗಳು ಕಡಿಮೆ. ದನಿಯೂ ಅಷ್ಟೇ ಪಟ್ಟು ಕುಗ್ಗುತ್ತದೆ.

ದನಿ ಕುಗ್ಗಿದರೆ ಹೆಚ್ಚು ಹೊತ್ತು ಕೇಳಿದರಾಯಿತು ಎನ್ನಬಹುದು. ಅದೇ ಸಂಕೇತವನ್ನು ಮತ್ತೆ ಮತ್ತೆ ಹಿಡಿದು ಕೂಡಿಸಿದರೆ ಗದ್ದಲ ಒಂದಕ್ಕೊಂದು ಕಳೆದುಹೋಗುತ್ತದೆ, ನಿಜ. ಆದರೆ ಸ್ಪಷ್ಟತೆ ಎರಡು ಪಟ್ಟು ಬೇಕೆಂದರೆ ಸಮಯ ನಾಲ್ಕು ಪಟ್ಟು ಬೇಕು. 4 ನಿಮಿಷದ ಒಂದು ಸುತ್ತು 16 ನಿಮಿಷವಾಗುತ್ತದೆ. ಅಂಥ ನಾಲ್ಕೈದು ಸುತ್ತು ಬೇಕು. ನೋವಿರುವ ಕೈಯನ್ನು ಒಂದು ಗಂಟೆಗೂ ಮೀರಿ ಅಲುಗಿಸದೆ ಹಿಡಿಯಲು ಯಾರಿಂದಲೂ ಆಗದು. ಅಲುಗಿದರೆ ಚಿತ್ರ ಕೆಟ್ಟಿತು. ಸಮಯ ಹೆಚ್ಚಿಸುವುದಕ್ಕೆ ಹೀಗೆ ಒಂದು ಮಿತಿ ಇದೆ.

ಹಾಗಾದರೆ ದಾರಿ? ಕೇಳುವ ಕಿವಿಯನ್ನು ಹತ್ತಿರ ತರುವುದು. ಎಂಆರ್‌ಐನಲ್ಲಿ ಕಿವಿ ಎಂದರೆ ಕಾಯಿಲ್. ಸಂಕೇತ ಹಿಡಿಯುವ ಆಂಟೆನಾ ಅದು. ಯಂತ್ರದ ಗೂಡಿನೊಳಗೇ ದೊಡ್ಡದೊಂದು ಕಾಯಿಲ್ ಹುದುಗಿರುತ್ತದೆ. ಅದು ಇಡೀ ಮೈಯ ಗದ್ದಲ ಕೇಳಿಸಿಕೊಳ್ಳುತ್ತದೆ. ಮಣಿಕಟ್ಟಿಗಾಗಿಯೇ ಮಾಡಿದ ಕಾಯಿಲ್ ಬೇರೆ ಇದೆ. ಕೈ ತೂರಿಸುವಷ್ಟೇ ಅಗಲದ ಗೂಡು. ಎರಡು ಹೋಳಾಗಿ ತೆರೆದುಕೊಳ್ಳುತ್ತದೆ, ಕೈಯಿಟ್ಟ ಮೇಲೆ ಮುಚ್ಚಿಕೊಳ್ಳುತ್ತದೆ. ಅದರೊಳಗೆ 8 ಅಥವಾ 16 ಪುಟ್ಟ ಆಂಟೆನಾಗಳು ಸುತ್ತಲೂ ಜೋಡಿಸಿರುತ್ತವೆ. ಪ್ರತಿಯೊಂದೂ ಚರ್ಮಕ್ಕೆ ತೀರ ಹತ್ತಿರ. ಕೈಯ ದನಿ ಜೋರಾಗಿ ಕೇಳುತ್ತದೆ. ಹೊಟ್ಟೆ, ಎದೆ, ತೊಡೆಯ ಗದ್ದಲ ಅದರ ಕಿವಿಗೆ ಬೀಳುವುದೇ ಇಲ್ಲ. ಹಲವು ಪುಟ್ಟ ಆಂಟೆನಾಗಳನ್ನು ಹೀಗೆ ಒಟ್ಟುಗೂಡಿಸುವ ಕ್ರಮವನ್ನು ರೋಮರ್ ಮತ್ತು ಅವರ ಸಂಗಡಿಗರು 1990ರಲ್ಲಿ ವಿವರಿಸಿದರು. ಕೈಯ ಚಿತ್ರಕ್ಕೆ ಅದರಿಂದ ಆದ ಉಪಕಾರ ಬಹಳ ದೊಡ್ಡದು.

ಎಷ್ಟೋ ಕೇಂದ್ರಗಳಲ್ಲಿ ಮಣಿಕಟ್ಟಿನ ಕಾಯಿಲ್ ಇರುವುದಿಲ್ಲ. ಮಂಡಿಯ ಕಾಯಿಲಿನೊಳಗೆ ಕೈ ಇಟ್ಟು ಚಿತ್ರ ತೆಗೆಯುತ್ತಾರೆ. ಮಂಡಿಗೆ ಹೇಳಿ ಮಾಡಿಸಿದ ಗೂಡಿನಲ್ಲಿ ಕೈ ಸಡಿಲವಾಗಿ ಕೂರುತ್ತದೆ, ಅಲುಗುತ್ತದೆ. ಸುತ್ತ ಖಾಲಿ ಜಾಗ ಉಳಿಯುತ್ತದೆ. ಆಸ್ಪತ್ರೆಯ ಆಡಳಿತದಲ್ಲಿರುವವರು ಈ ಮಾತು ಕೇಳುತ್ತಿದ್ದರೆ ನನ್ನದೊಂದು ಕೋರಿಕೆ ಇದೆ. ಯಂತ್ರದ ಬೆಲೆಯ ಮುಂದೆ ಕಾಯಿಲಿನ ಬೆಲೆ ಸಣ್ಣದು. 3 ಟೆಸ್ಲಾ ಯಂತ್ರದ ಕನಸು ಕಾಣುವ ಮೊದಲು ಇರುವ 1.5 ಟೆಸ್ಲಾಕ್ಕೆ ಒಂದು ಒಳ್ಳೆಯ ಮಣಿಕಟ್ಟಿನ ಕಾಯಿಲ್ ಕೊಳ್ಳಿ. 3 ಟೆಸ್ಲಾದಲ್ಲಿ ಸಂಕೇತ ಸುಮಾರು ಎರಡು ಪಟ್ಟು ಆಗುತ್ತದೆ, ಒಪ್ಪುತ್ತೇನೆ. ಆದರೆ ಸರಿಯಾದ ಕಾಯಿಲ್ ಇರುವ 1.5 ಟೆಸ್ಲಾ, ತಪ್ಪು ಕಾಯಿಲ್ ಇರುವ 3 ಟೆಸ್ಲಾಕ್ಕಿಂತ ನನಗೆ ಹೆಚ್ಚು ನಂಬಿಕೆಯ ಚಿತ್ರ ಕೊಡುತ್ತದೆ.

ಕಾಯಿಲ್ ಹತ್ತಿರವಿರಬೇಕು, ಇದು ಮೊದಲನೆಯದು. ಎರಡನೆಯದು ಕೈ ಅಲುಗಬಾರದು.

ತುಣುಕಿನ ಅಗಲ ಮಿಲಿಮೀಟರಿನ ಮೂರರಲ್ಲೊಂದು ಪಾಲು ಎಂದೆ. ಕೈ ಒಂದು ಮಿಲಿಮೀಟರ್ ಸರಿದರೂ ಮೂರು ತುಣುಕುಗಳಷ್ಟು ಸರಿದಂತಾಯಿತು. ಅಸ್ಥಿರಜ್ಜುವಿನ ಅಂಚು ಎರಡೆರಡಾಗಿ ಕಾಣುತ್ತದೆ. ಹರಿದಿದೆಯೋ ಇಲ್ಲವೋ ಹೇಳುವುದು ಕಷ್ಟವಾಗುತ್ತದೆ. ಆದ್ದರಿಂದ ರೋಗಿಯನ್ನು ಮಲಗಿಸುವ ರೀತಿಯಲ್ಲೇ ಅರ್ಧ ಕೆಲಸ ಇದೆ.

ಮಲಗಿಸುವುದರಲ್ಲಿ ಎರಡು ಪದ್ಧತಿ. ಒಂದರಲ್ಲಿ ಬೋರಲು ಮಲಗಿ ನೋವಿರುವ ಕೈಯನ್ನು ತಲೆಯ ಮುಂದಕ್ಕೆ ಚಾಚಬೇಕು. ಟೆಕ್ನಿಷಿಯನ್‌ಗಳು ಇದನ್ನು ಸೂಪರ್‌ಮ್ಯಾನ್ ಪೊಸಿಷನ್ ಎನ್ನುತ್ತಾರೆ. ಕೈ ಯಂತ್ರದ ನಟ್ಟನಡುವೆ ಬರುತ್ತದೆ. ಕಾಂತಕ್ಷೇತ್ರ ಅತ್ಯಂತ ಸಮವಾಗಿರುವುದು ಅಲ್ಲೇ. ಚಿತ್ರಕ್ಕೆ ಒಳ್ಳೆಯದು. ಆದರೆ ಹತ್ತು ನಿಮಿಷಕ್ಕೆ ಭುಜ ಸೆಳೆಯುತ್ತದೆ, ಕತ್ತು ಹಿಡಿಯುತ್ತದೆ. ವಯಸ್ಸಾದವರಿಗೆ, ಭುಜ ಹಿಡಿದುಕೊಂಡವರಿಗೆ ಇದು ಆಗುವುದೇ ಇಲ್ಲ. ಇನ್ನೊಂದರಲ್ಲಿ ಅಂಗಾತ ಮಲಗಿ ಕೈಯನ್ನು ಪಕ್ಕದಲ್ಲಿ, ಸೊಂಟದ ಹತ್ತಿರ ಇಟ್ಟುಕೊಳ್ಳಬೇಕು. ರೋಗಿಗೆ ಆರಾಮ. ಆದರೆ ಕೈ ಯಂತ್ರದ ಅಂಚಿಗೆ ಹೋಗುತ್ತದೆ, ಅಲ್ಲಿ ಕಾಂತಕ್ಷೇತ್ರ ಅಷ್ಟು ಸಮವಾಗಿರುವುದಿಲ್ಲ.

ಪುಸ್ತಕಗಳು ಮೊದಲನೆಯದನ್ನು ಹೊಗಳುತ್ತವೆ. ನಾನು ಹೆಚ್ಚಿನವರಿಗೆ ಎರಡನೆಯದನ್ನೇ ಹೇಳುತ್ತೇನೆ. ಯಂತ್ರದ ನಡುವೆ ಇದ್ದು ನಡುಗುವ ಕೈಗಿಂತ ಅಂಚಿನಲ್ಲಿ ನೆಮ್ಮದಿಯಾಗಿರುವ ಕೈ ಮೇಲು. ಜೊತೆಗೆ ಅಂಚಿನ ತೊಂದರೆಯನ್ನು ಕಡಿಮೆ ಮಾಡುವ ಉಪಾಯವೂ ಇದೆ. ಬಲಗೈ ನೋಡಬೇಕಾದರೆ ರೋಗಿಯನ್ನು ಮೇಜಿನ ಎಡ ಅಂಚಿಗೆ ಸರಿಸಿ ಮಲಗಿಸುವುದು. ಆಗ ಬಲಗೈ ನಡುವಿನ ಕಡೆಗೆ ಬರುತ್ತದೆ.

ಒಳ್ಳೆಯ ಟೆಕ್ನಿಷಿಯನ್ ಕೆಲಸ ಮಾಡುವುದನ್ನು ಹತ್ತಿರದಿಂದ ನೋಡಿದರೆ ಇದು ತಿಳಿಯುತ್ತದೆ. ಆಕೆ ಮೊದಲು ರೋಗಿಯ ಮೊಣಕೈ ಕೆಳಗೆ ಸ್ಪಂಜಿನ ದಿಂಬು ಇಡುತ್ತಾಳೆ. ಮೊಣಕೈಗೆ ಆಸರೆ ಇಲ್ಲದಿದ್ದರೆ ಮುಂದೋಳಿನ ಸ್ನಾಯು ದಣಿದು ಬೆರಳು ತಾನಾಗಿ ಅದುರುತ್ತದೆ. ಆಮೇಲೆ ಕೈಯನ್ನು ಕಾಯಿಲಿನೊಳಗಿಟ್ಟು ಸುತ್ತಲಿನ ಸಂದುಗಳಿಗೆ ಸ್ಪಂಜಿನ ಚೂರು ತುಂಬುತ್ತಾಳೆ. ಮುಂದೋಳಿನ ಮೇಲೆ ಮರಳಿನ ಚೀಲ ಹೇರುತ್ತಾಳೆ. ಬೆರಳುಗಳನ್ನು ನೆಟ್ಟಗೆ ಜೋಡಿಸಿ ಮೆಲ್ಲಗೆ ಪ್ಲಾಸ್ಟರ್ ಅಂಟಿಸುತ್ತಾಳೆ. ಹೊಟ್ಟೆಯ ಮೇಲೆ ಕೈ ಬರದಂತೆ ನೋಡಿಕೊಳ್ಳುತ್ತಾಳೆ, ಯಾಕೆಂದರೆ ಉಸಿರಾಡಿದಾಗಲೆಲ್ಲ ಹೊಟ್ಟೆ ಏರಿಳಿಯುತ್ತದೆ. ಕೊನೆಗೆ ಕೇಳುತ್ತಾಳೆ: "ಅಜ್ಜಿ, ಎಲ್ಲಾದ್ರೂ ಒತ್ತುತ್ತಾ? ಈಗಲೇ ಹೇಳಿಬಿಡಿ. ಆಮೇಲೆ ಅಲ್ಲಾಡಿಸೋ ಹಾಗಿಲ್ಲ." ಯಂತ್ರ ಶುರುವಾಗುವ ಮುನ್ನ ಮೈಕಿನಲ್ಲಿ ಹೇಳುತ್ತಾಳೆ: "ಈಗ ನಾಲ್ಕು ನಿಮಿಷ ಟಕಟಕ ಸದ್ದು ಬರುತ್ತೆ, ಹೆದರಬೇಡಿ." ಎಷ್ಟು ಹೊತ್ತು ಎಂದು ಗೊತ್ತಿದ್ದರೆ ರೋಗಿ ತಾಳಿಕೊಳ್ಳುತ್ತಾರೆ. ಗೊತ್ತಿಲ್ಲದಿದ್ದರೆ ಮೂರನೇ ನಿಮಿಷಕ್ಕೆ ಕೈ ಎಳೆದುಕೊಳ್ಳುತ್ತಾರೆ. ಇಷ್ಟಕ್ಕೆಲ್ಲ ತಗಲುವುದು ಐದಾರು ನಿಮಿಷ. ಸಾಲಿನಲ್ಲಿ ಜನ ಕಾಯುತ್ತಿದ್ದಾರೆ ಎಂದು ಈ ನಿಮಿಷಗಳನ್ನು ಕತ್ತರಿಸಿದರೆ, ಇಡೀ ಅರ್ಧ ಗಂಟೆಯ ಸ್ಕ್ಯಾನ್ ದಂಡವಾಗಬಹುದು. ಟೆಕ್ನಿಷಿಯನ್‌ಗಳ ಈ ಕೆಲಸಕ್ಕೆ ಸಿಗಬೇಕಾದ ಗೌರವ ಸಿಕ್ಕಿಲ್ಲ. ಸ್ಪಷ್ಟವಾದ ಚಿತ್ರ ನೋಡಿ ನಾನು ಒಳ್ಳೆಯ ವರದಿ ಬರೆದರೆ ಹೆಸರು ನನಗೆ ಬರುತ್ತದೆ. ಕೈ ಹಿಡಿದು ಕೂರಿಸಿದವರು ಅವರು.

ಕಾಯಿಲ್ ಹತ್ತಿರವಿದೆ, ಕೈ ಅಲುಗುತ್ತಿಲ್ಲ. ಈಗ ಮೂರನೆಯದಕ್ಕೆ ಬರೋಣ. ಚಿತ್ರದಲ್ಲಿ ಕೊಬ್ಬನ್ನು ಅಡಗಿಸುವುದು.

ಮೂಳೆಯ ಮಜ್ಜೆಯಲ್ಲಿ ಕೊಬ್ಬು ಬಹಳ. ಕೊಬ್ಬು ಎಂಆರ್‌ಐನಲ್ಲಿ ಬೆಳ್ಳಗೆ ಹೊಳೆಯುತ್ತದೆ. ಪೆಟ್ಟಾದ ಜಾಗದಲ್ಲಿ ತುಂಬುವ ನೀರೂ ಕೆಲವು ಬಗೆಯ ಚಿತ್ರಗಳಲ್ಲಿ ಬೆಳ್ಳಗೆ ಹೊಳೆಯುತ್ತದೆ. ಬಿಳಿಯ ಮೇಲೆ ಬಿಳಿ ಇದ್ದರೆ ಊತ ಕಾಣುವುದು ಹೇಗೆ? ಹಾಗಾಗಿ ಕೊಬ್ಬನ್ನು ಕಪ್ಪಾಗಿಸಬೇಕು. ಕೊಬ್ಬಿನ ಪ್ರೋಟಾನಿಗೂ ನೀರಿನ ಪ್ರೋಟಾನಿಗೂ ಕಂಪನಾಂಕದಲ್ಲಿ ತುಸು ವ್ಯತ್ಯಾಸ ಇದೆ. 10 ಲಕ್ಷಕ್ಕೆ ಮೂರೂವರೆ ಪಾಲು, ಅಷ್ಟೇ. ಆ ಕೂದಲೆಳೆಯ ಅಂತರವನ್ನು ಹಿಡಿದು ಯಂತ್ರ ಕೊಬ್ಬಿನ ದನಿಯನ್ನು ಮಾತ್ರ ಮುಚ್ಚಿಹಾಕುತ್ತದೆ. ಕಾಂತಕ್ಷೇತ್ರ ಸಮವಾಗಿದ್ದರೆ ಇದು ಸಲೀಸು. ಕೈ ಅಂಚಿನಲ್ಲಿದ್ದರೆ, ಬೆರಳುಗಳ ನಡುವೆ ಗಾಳಿಯ ಸಂದು ಇದ್ದರೆ, ಕ್ಷೇತ್ರವೇ ಅಷ್ಟು ಏರುಪೇರಾಗುತ್ತದೆ. ಆಗ ಒಂದು ಬದಿಯ ಕೊಬ್ಬು ಅಡಗದೆ ಹೊಳೆಯುತ್ತದೆ. ಅದನ್ನು ಊತ ಎಂದು ತಪ್ಪು ತಿಳಿಯುವ ಅಪಾಯ ಇದೆ. ಇನ್ನೊಂದು ಬದಿಯಲ್ಲಿ ನೀರೇ ಅಡಗಿಹೋಗಿ ನಿಜವಾದ ಊತ ಮಾಯವಾಗಬಹುದು.

ಇದಕ್ಕೆ ಎರಡು ಪರಿಹಾರ. ಒಂದು ಸ್ಟಿರ್ ಎಂಬ ವಿಧಾನ. ಕ್ಷೇತ್ರದ ಏರುಪೇರಿಗೆ ಅದು ಜಗ್ಗುವುದಿಲ್ಲ, ಆದರೆ ದನಿ ಸ್ವಲ್ಪ ಕುಗ್ಗುತ್ತದೆ. ಇನ್ನೊಂದು 1984ರಲ್ಲಿ ಡಿಕ್ಸನ್ ಎಂಬವರು ತೋರಿಸಿಕೊಟ್ಟದ್ದು. ನೀರಿನ ಮತ್ತು ಕೊಬ್ಬಿನ ದನಿ ಒಮ್ಮೆ ಕೂಡಿರುವಾಗ, ಒಮ್ಮೆ ಎದುರುಬದುರಾಗಿರುವಾಗ ಚಿತ್ರ ಹಿಡಿದು, ಲೆಕ್ಕದಲ್ಲಿ ಎರಡನ್ನೂ ಬೇರ್ಪಡಿಸುವುದು. ಕೈಯನ್ನು ಪಕ್ಕದಲ್ಲಿಟ್ಟುಕೊಂಡು ತೆಗೆಯುವ ಚಿತ್ರಕ್ಕೆ ಇಂದಿನ ಡಿಕ್ಸನ್ ವಿಧಾನ ವರವೇ ಸರಿ. ಸಂಧಿವಾತದವರ ಕೈಯಲ್ಲಿ ಬೆರಳ ಗೆಣ್ಣುಗಳ ಮಜ್ಜೆ ಊದಿದೆಯೇ ಎಂದು ನೋಡಲು ಇದು ಬಹಳ ನೆರವಾಗುತ್ತದೆ. ಎಕ್ಸ್-ರೇಯಲ್ಲಿ ಮೂಳೆ ಸವೆದದ್ದು ಕಾಣುವ ಮೊದಲೇ ಎಂಆರ್‌ಐ ಈ ಊತವನ್ನು ತೋರಿಸಬಲ್ಲದು. ಬೇಗ ಗೊತ್ತಾದರೆ ಔಷಧಿ ಬೇಗ ಶುರುವಾಗುತ್ತದೆ, ಬೆರಳು ಸೊಟ್ಟಗಾಗುವುದು ತಪ್ಪಬಹುದು.

ಕೊಬ್ಬಿನ ಮಾತು ಬಂದಾಗ ಕೋನದ ಮಾತನ್ನೂ ಒಂದಿಷ್ಟು ಹೇಳಬೇಕು. ಸ್ನಾಯುರಜ್ಜು ಎಂಆರ್‌ಐನಲ್ಲಿ ಕಪ್ಪಗಿರಬೇಕು. ಕಪ್ಪಿನ ನಡುವೆ ಬೆಳ್ಳಗೆ ಕಂಡರೆ ಹರಿದಿದೆ ಎಂಬ ಅನುಮಾನ. ಆದರೆ ರಜ್ಜು ಮುಖ್ಯ ಕಾಂತಕ್ಷೇತ್ರಕ್ಕೆ ಸುಮಾರು 55 ಡಿಗ್ರಿ ಓರೆಯಲ್ಲಿದ್ದರೆ ಆರೋಗ್ಯವಾಗಿದ್ದರೂ ಬೆಳ್ಳಗೆ ಕಾಣಬಹುದು. ಹೆಬ್ಬೆರಳಿನ ಉದ್ದನೆಯ ರಜ್ಜು ಮಣಿಕಟ್ಟಿನ ಹಿಂಬದಿಯಲ್ಲಿ ಓರೆಯಾಗಿ ಹಾದುಹೋಗುತ್ತದೆ. ಅದರಲ್ಲಿ ಈ ಮೋಸ ಹೆಚ್ಚು. ಸಂಕೇತ ಹಿಡಿಯುವ ಹೊತ್ತನ್ನು ತುಸು ತಡವಾಗಿಸಿ ಇನ್ನೊಂದು ಚಿತ್ರ ತೆಗೆದರೆ ಸುಳ್ಳು ಬಿಳುಪು ಹೋಗುತ್ತದೆ. ನಿಜವಾದ ಹರಕಾದರೆ ಉಳಿಯುತ್ತದೆ.

ಲೋಹದ ವಿಷಯ. ಸ್ಕ್ಯಾನಿಗೆ ಬರುವ ಮುನ್ನ ಉಂಗುರ, ಕಡಗ, ಲೋಹದ ಬಳೆ, ಕೈಗೆ ಕಟ್ಟಿದ ತಾಯಿತ ಎಲ್ಲವನ್ನೂ ತೆಗೆಯಬೇಕು. ಚಿನ್ನ ಕಾಂತಕ್ಕೆ ಅಂಟುವುದಿಲ್ಲ, ಹಾಗಾಗಿ ಬಿಟ್ಟರೇನು ಎಂದು ಕೇಳುವವರಿದ್ದಾರೆ. ಅಂಟದಿದ್ದರೂ ತನ್ನ ಸುತ್ತಲಿನ ಚಿತ್ರವನ್ನು ಅದು ತಿರುಚುತ್ತದೆ. ಗಾಜಿನ ಬಳೆಯ ಮೇಲಿನ ಹೊಳಪಿನ ಬಣ್ಣದಲ್ಲೂ ಲೋಹ ಇರಬಹುದು. ಎಷ್ಟೋ ವರ್ಷದಿಂದ ಬೆರಳು ಬಿಡದ ಉಂಗುರವನ್ನು ಆಸ್ಪತ್ರೆಯಲ್ಲಿ ಗಡಿಬಿಡಿಯಿಂದ ಎಳೆದರೆ ಬೆರಳು ಇನ್ನಷ್ಟು ಊದುತ್ತದೆ. ಹಿಂದಿನ ದಿನವೇ ಮನೆಯಲ್ಲಿ ಸೋಪಿನ ನೀರು ಹಚ್ಚಿ ನಿಧಾನವಾಗಿ ತೆಗೆಯಿರಿ. ಹಿಂದೆ ಆಪರೇಷನ್ ಆಗಿ ಒಳಗೆ ಸ್ಕ್ರೂ, ತಂತಿ ಇದ್ದರೆ ಮೊದಲೇ ತಿಳಿಸಿ. ಸ್ಟೀಲಿಗಿಂತ ಟೈಟಾನಿಯಂ ಚಿತ್ರವನ್ನು ಕಡಿಮೆ ಕೆಡಿಸುತ್ತದೆ. ಲೋಹವಿದ್ದಾಗ 3 ಟೆಸ್ಲಾಕ್ಕಿಂತ 1.5 ಟೆಸ್ಲಾ ಒಳ್ಳೆಯದು, ಕ್ಷೇತ್ರ ಹೆಚ್ಚಿದಷ್ಟೂ ವಿಕಾರ ಹೆಚ್ಚು. ಎದೆಯಲ್ಲಿ ಪೇಸ್‌ಮೇಕರ್ ಇರುವವರು, ವೆಲ್ಡಿಂಗ್ ಕೆಲಸದಲ್ಲಿ ಕಣ್ಣಿಗೆ ಲೋಹದ ಚೂರು ಸಿಡಿದವರು ಬಾಗಿಲಲ್ಲೇ ಹೇಳಲೇಬೇಕು. ಅದು ಚಿತ್ರದ ಮಾತಲ್ಲ, ಜೀವದ ಮಾತು, ಕಣ್ಣಿನ ಮಾತು.

ಕಾಯಿಲ್, ಅಲುಗದ ಕೈ, ಅಡಗಿದ ಕೊಬ್ಬು, ಕಳಚಿಟ್ಟ ಲೋಹ. ಇಷ್ಟಾದರೂ ಚಿತ್ರ ಉಪಯೋಗಕ್ಕೆ ಬಾರದೆ ಹೋಗಬಹುದು. ಯಾಕೆಂದರೆ ಏನು ನೋಡಬೇಕೆಂದು ಯಾರೂ ಹೇಳಿರುವುದಿಲ್ಲ.

ಎಷ್ಟೋ ಚೀಟಿಗಳಲ್ಲಿ ಬರೆದಿರುವುದು ಎರಡೇ ಪದ: ಎಂಆರ್‌ಐ, ಕೈ. ಕೈ ಎಂದರೆ ಯಾವುದು? ಬೆರಳ ತುದಿಯಿಂದ ಮಣಿಕಟ್ಟಿನವರೆಗೆ ಹಿಡಿಯಬೇಕಾದರೆ 20 ಸೆಂಟಿಮೀಟರ್ ಬೇಕು. ಆ 20 ಸೆಂಟಿಮೀಟರನ್ನು 300 ಭಾಗ ಮಾಡಿದರೆ ಪ್ರತಿ ಭಾಗ ಮಿಲಿಮೀಟರಿನ ಮೂರರಲ್ಲಿ ಎರಡು ಪಾಲು. ಮಣಿಕಟ್ಟು ಮಾತ್ರ ಸಾಕೆಂದರೆ 10 ಸೆಂಟಿಮೀಟರ್ ಸಾಕು. ಅದೇ 300 ಭಾಗ ಮಾಡಿದರೆ ಪ್ರತಿ ಭಾಗ ಮೂರರಲ್ಲಿ ಒಂದು ಪಾಲು. ಸೂಕ್ಷ್ಮತೆ ಎರಡು ಪಟ್ಟಾಯಿತು. ಒಂದು ಬೆರಳಷ್ಟೇ ಆದರೆ ಇನ್ನೂ ಕಿರಿದು ಮಾಡಬಹುದು. ಸಂಧಿವಾತಕ್ಕೆ ಎಲ್ಲ ಗೆಣ್ಣುಗಳೂ ಬೇಕು, ಅಲ್ಲಿ ಅಗಲವೇ ಸರಿ. ಕಿರುಬೆರಳ ಕಡೆಯ ಮಣಿಕಟ್ಟಿನ ನೋವಿಗೆ ಆ ತ್ರಿಕೋನದ ಮೆತ್ತೆಯೇ ಗುರಿ, ಅಲ್ಲಿ ಕಿರಿದೇ ಸರಿ. ಸ್ಕ್ಯಾಫಾಯ್ಡ್ ಮುರಿದಿದೆಯೇ ಎಂಬ ಪ್ರಶ್ನೆಗೆ ಚಿತ್ರದ ಹೋಳುಗಳನ್ನು ಆ ಮೂಳೆಯ ಉದ್ದಕ್ಕೆ ಸರಿಯಾಗಿ ಓರೆಯಾಗಿ ಕತ್ತರಿಸಬೇಕು. ಒಂದೇ ಸ್ಕ್ಯಾನಿನಲ್ಲಿ ಎಲ್ಲವನ್ನೂ ನೋಡುತ್ತೇವೆ ಎಂದು ಹೊರಟರೆ ಯಾವುದೂ ಸರಿಯಾಗಿ ಕಾಣುವುದಿಲ್ಲ. ಪ್ರಶ್ನೆ ಬರೆಯದ ಚೀಟಿ, ಸಡಿಲವಾದ ಕಾಯಿಲಿನಷ್ಟೇ ಚಿತ್ರವನ್ನು ಕೆಡಿಸುತ್ತದೆ. ಈ ಮಾತನ್ನು ನನ್ನ ವೈದ್ಯ ಮಿತ್ರರಿಗೆ ಒತ್ತಿ ಹೇಳುತ್ತೇನೆ.

ಕೊನೆಯದಾಗಿ ಹೊಸ ತಂತ್ರಗಳ ಬಗ್ಗೆ. 1999ರಲ್ಲಿ ಜ್ಯೂರಿಕ್‌ನ ಪ್ರೂಸ್‌ಮನ್ ಮತ್ತು ಸಂಗಡಿಗರು, ಹಲವು ಆಂಟೆನಾಗಳು ಒಟ್ಟಿಗೆ ಕೇಳುವುದರಿಂದ ಸಂಕೇತವನ್ನು ಪೂರ್ತಿ ಹಿಡಿಯದೆಯೇ ಚಿತ್ರ ಕಟ್ಟಬಹುದೆಂದು ತೋರಿಸಿದರು. ಸಮಯ ಅರ್ಧಕ್ಕಿಳಿಯಿತು. 2007ರಲ್ಲಿ ಲುಸ್ಟಿಗ್, ಡೊನೊಹೊ, ಪಾಲಿ ಅವರು ಇನ್ನೂ ಕಡಿಮೆ ಸಂಕೇತದಿಂದ ಚಿತ್ರ ಪಡೆಯುವ ಗಣಿತವನ್ನು ಎಂಆರ್‌ಐಗೆ ತಂದರು. ಈಗ ಕೃತಕ ಬುದ್ಧಿಮತ್ತೆ ಗದ್ದಲ ಕಳೆಯುವ ಕೆಲಸಕ್ಕೆ ಇಳಿದಿದೆ. ಕೈಯ ಮಟ್ಟಿಗೆ ನಾನು ಇವನ್ನು ಮನಸಾರೆ ಸ್ವಾಗತಿಸುತ್ತೇನೆ. 4 ನಿಮಿಷದ ಸುತ್ತು 2 ನಿಮಿಷಕ್ಕೆ ಇಳಿದರೆ ನೋವಿನ ಕೈ ಅಲುಗದೆ ನಿಲ್ಲುತ್ತದೆ. ಆದರೆ ಗದ್ದಲದ ಜೊತೆಗೆ ಕೂದಲೆಳೆಯ ಹರಕೂ ನುಣ್ಣಗೆ ಒರೆಸಿಹೋಗಬಾರದು. ಅದಕ್ಕೇ ಹೊಸ ತಂತ್ರ ಬಂದಾಗ ಹಳೆಯ ಕ್ರಮದ ಚಿತ್ರದೊಡನೆ ಹೋಲಿಸಿ ನೋಡಿಯೇ ಒಪ್ಪಬೇಕು. 2017ರಲ್ಲಿ ಅಮೆರಿಕದ ನಿಯಂತ್ರಣ ಸಂಸ್ಥೆ ಎಫ್‌ಡಿಎ 7 ಟೆಸ್ಲಾ ಯಂತ್ರವನ್ನು ತಲೆ ಮತ್ತು ಕೈಕಾಲುಗಳ ಪರೀಕ್ಷೆಗೆ ಒಪ್ಪಿತು. ಅದು ನಮ್ಮ ತಾಲ್ಲೂಕಿಗೆ ಬರುವುದು ದೂರದ ಮಾತು. ನಮಗೆ ಹತ್ತಿರದ ಸುದ್ದಿ ಬೇರೆ ಇದೆ. ಬೆಂಗಳೂರಿನ ವಾಕ್ಸೆಲ್‌ಗ್ರಿಡ್ಸ್ ಎಂಬ ಸಂಸ್ಥೆ ದೇಶದಲ್ಲೇ 1.5 ಟೆಸ್ಲಾ ಯಂತ್ರ ತಯಾರಿಸಿದೆ. 2023ರಲ್ಲಿ ಅದು ದೆಹಲಿಯಲ್ಲಿ ಬಿಡುಗಡೆಯಾಯಿತು. ಇಲ್ಲೇ ಮಾಡುವ ಯಂತ್ರಗಳ ಜೊತೆಗೆ ಮಣಿಕಟ್ಟಿನ ಕಾಯಿಲೂ ಸೇರಿಯೇ ಜಿಲ್ಲಾ ಆಸ್ಪತ್ರೆಗಳಿಗೆ ಹೋಗಲಿ ಎಂಬುದು ನನ್ನ ಆಸೆ.

ಇನ್ನು ನೀವು ಮಾಡಬಹುದಾದ್ದು. ಸ್ಕ್ಯಾನಿಗೆ ಹೋಗುವಾಗ ಹಳೆಯ ಎಕ್ಸ್-ರೇ ಫಿಲ್ಮುಗಳನ್ನು ತೆಗೆದುಕೊಂಡು ಹೋಗಿ. ಮೊದಲೇ ಶೌಚಕ್ಕೆ ಹೋಗಿ ಬನ್ನಿ, ಅರ್ಧ ಗಂಟೆ ಮಲಗಬೇಕಲ್ಲ. ಕೈಗೆ ಎಣ್ಣೆ, ನೋವಿನ ಮುಲಾಮು ಹಚ್ಚಿಕೊಂಡು ಹೋಗಬೇಡಿ, ಪ್ಲಾಸ್ಟರ್ ಅಂಟುವುದಿಲ್ಲ. ಅತಿ ಹೆಚ್ಚು ನೋಯುವ ಒಂದು ಜಾಗವನ್ನು ಒಂದೇ ಬೆರಳಿನಿಂದ ತೋರಿಸಿ. ಟೆಕ್ನಿಷಿಯನ್ ಅಲ್ಲಿ ಮೀನೆಣ್ಣೆಯ ಅಥವಾ ವಿಟಮಿನ್ ಇ ಗುಳಿಗೆಯೊಂದನ್ನು ಚರ್ಮಕ್ಕೆ ಅಂಟಿಸಬಹುದು. ಎಣ್ಣೆ ಚಿತ್ರದಲ್ಲಿ ಎದ್ದು ಕಾಣುತ್ತದೆ. ನೋವು ಎಲ್ಲಿದೆ ಎಂದು ವರದಿ ಬರೆಯುವವರಿಗೆ ಅದರಿಂದ ಗೊತ್ತಾಗುತ್ತದೆ. ಮಲಗಿದ ಮೇಲೆ ಏನಾದರೂ ಒತ್ತುತ್ತಿದ್ದರೆ ಸಂಕೋಚವಿಲ್ಲದೆ ಹೇಳಿ. ವರದಿಯ ಜೊತೆಗೆ ಸಿ.ಡಿ.ಯನ್ನೂ ಕೇಳಿ ಪಡೆಯಿರಿ. ಫಿಲ್ಮಿನ ಮೇಲೆ ಹತ್ತಾರು ಚಿತ್ರಗಳನ್ನು ಕುಗ್ಗಿಸಿ ಅಚ್ಚು ಹಾಕಿರುತ್ತಾರೆ. ನಿಮ್ಮ ಕೈಯ ಶಸ್ತ್ರವೈದ್ಯರು ಕಂಪ್ಯೂಟರಿನಲ್ಲಿ ಒಂದೊಂದೇ ಹೋಳನ್ನು ದೊಡ್ಡದು ಮಾಡಿ ಸರಿಸುತ್ತ ನೋಡಲು ಸಿ.ಡಿ.ಯೇ ಬೇಕು.